0.79ರಲ್ಲೇ ನಿಂತುಬಿಟ್ಟ ಲ್ಯಾಪ್‌ಟಾಪ್: ಒಂದು ಪ್ರಕರಣ ಅಧ್ಯಯನ

ಸಾಗರದಲ್ಲಿ ನನಗೆ ಪರಿಚಯದ ಅಕ್ಕ ಒಬ್ಬರು ಡಿಟಿಪಿ ಅಂಗಡಿ ಇಟ್ಟಿದ್ದಾರೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸೊಸೈಟಿಗಳ ವಾರ್ಷಿಕ ವರದಿ, ಬಾಂಡ್ ಪೇಪರಿನ ಮೇಲೆ ಕರಾರು ಪತ್ರ, ಎಲ್ಲವೂ ಅಲ್ಲಿ ಆಗುತ್ತದೆ. ಇಷ್ಟಕ್ಕೂ ಇರುವುದು ಒಂದೇ ಲ್ಯಾಪ್‌ಟಾಪ್. ಮಳೆಗಾಲದಲ್ಲಿ ಆ ಕಡೆ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲು ಬರುವುದಿಲ್ಲ. ಅದಕ್ಕೇ ಅವರು ಹಳೆಯ ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪ್ ತಗೊಂಡಿದ್ದು.

ಹೋದ ವರ್ಷ ತುಳಸಿ ಪೂಜೆ ಮುಗಿದ ವಾರ ಅವರ ಫೋನ್ ಬಂತು.

"ಎಂತಾಯ್ತೋ ಗೊತ್ತಿಲ್ಲ ಮಾರಾಯ. ಒಂದು ಪತ್ರಿಕೆ ಪಿಡಿಎಫ್ ಮಾಡ್ಲಿಕ್ಕೆ ಐದು ನಿಮಿಷ ತಗೊಳ್ತದೆ. ಗಿರಾಕಿ ಎದುರಿಗೇ ಕೂತಿರ್ತಾರೆ. ನಂಗೆ ನಾಚಿಕೆ ಆಗ್ತದೆ."

ಯಾವಾಗಿನಿಂದ ಹೀಗೆ ಎಂದು ಕೇಳಿದೆ. ದೀಪಾವಳಿ ಆದ ಮೇಲೆ ಎಂದರು. ಈ ಉತ್ತರವನ್ನು ನೆನಪಿಟ್ಟುಕೊಳ್ಳಿ. ಅವರು ಸುಳ್ಳು ಹೇಳಿರಲಿಲ್ಲ, ಆದರೆ ಅದು ಸರಿಯಾದ ಉತ್ತರವೂ ಆಗಿರಲಿಲ್ಲ.

ನಾನು ನೋಡುವ ಮೊದಲೇ ಆ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೆ ಎರಡು ಸಲ ಹೋಗಿ ಬಂದಿತ್ತು. ಮೊದಲ ಸಲ ವೈರಸ್ ಇದೆ ಎಂದು ಫಾರ್ಮ್ಯಾಟ್ ಮಾಡಿದರು. ಎರಡನೇ ಸಲ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರು, 4 ಜಿಬಿ ಇದ್ದ ರ‍್ಯಾಮ್ 8 ಜಿಬಿ ಮಾಡಿದರು. ಐದು ಸಾವಿರದಷ್ಟು ಖರ್ಚಾಯಿತು. ಎಸ್‌ಎಸ್‌ಡಿ ಹಾಕಿದ ಮೇಲೆ ಲ್ಯಾಪ್‌ಟಾಪ್ ಬೇಗ ಆನ್ ಆಗತೊಡಗಿತು. ಹಾಗಾಗಿ ಒಂದು ವಾರ ಎಲ್ಲರಿಗೂ ಸಮಾಧಾನ. ಪಿಡಿಎಫ್ ಮಾತ್ರ ಮೊದಲಿನ ಹಾಗೇ ತೆವಳುತ್ತಿತ್ತು.

ಯಂತ್ರದ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಪಿಡಿಎಫ್ ಆಗುತ್ತಿರುವಾಗಲೇ ಸಿಪಿಯು (ಅಂದರೆ ಪ್ರೊಸೆಸರ್) ಪುಟದ ಫೋಟೋ ತೆಗೆದು ಕಳಿಸಲು ಹೇಳಿದೆ. ಈ "ಆಗುತ್ತಿರುವಾಗಲೇ" ಮುಖ್ಯ. ಸುಮ್ನೆ ಕೂತಿರುವ ಪ್ರೊಸೆಸರ್ ಕರೆಂಟು ಉಳಿಸಲು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಆಗ ವೇಗ 0.8 ಗಿಗಾಹರ್ಟ್ಸ್ (ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಮಿಡಿತ) ಕಂಡರೆ ಅದು ಕಾಯಿಲೆ ಅಲ್ಲ. ಕೆಲಸ ಮೈಮೇಲೆ ಬಿದ್ದಾಗಲೂ ಮೇಲೇಳದಿದ್ದರೆ ಮಾತ್ರ ಏನೋ ಆಗಿದೆ ಎಂದು ಅರ್ಥ.

ಫೋಟೋ ಬಂತು. ಪ್ರೊಸೆಸರ್ ಇಂಟೆಲ್ ಕೋರ್ ಐ5-8250ಯು. ಹೆಸರಿನ ಪಕ್ಕ 1.60 ಗಿಗಾಹರ್ಟ್ಸ್ ಎಂದಿದೆ. ಕೆಳಗೆ ಬೇಸ್ ಸ್ಪೀಡ್ 1.80 ಎಂದಿದೆ. ಓಡುತ್ತಿರುವ ವೇಗ 0.79. ಬಳಕೆ 43%.

ಈ ನಾಲ್ಕು ಸಂಖ್ಯೆಗಳನ್ನು ಬಿಡಿಸಿ ನೋಡಬೇಕು. ಎಲ್ಲರೂ ದಾರಿ ತಪ್ಪಿದ್ದು ಇಲ್ಲೇ.

ಪ್ರೊಸೆಸರ್‌ಗೆ "ಇದೇ ನನ್ನ ವೇಗ" ಎನ್ನುವ ಒಂದು ಸಂಖ್ಯೆ ಈಗ ಇಲ್ಲ. 2017ರಲ್ಲಿ ಬಂದ ಈ 8250ಯುಗೆ ನಾಲ್ಕು ಕೋರ್, ಅಂದರೆ ಲೆಕ್ಕ ಮಾಡುವ ಘಟಕ, ಇವೆ. 15 ವ್ಯಾಟ್ ಶಾಖದ ಲೆಕ್ಕದಲ್ಲಿ ಎಲ್ಲಾ ಕೋರ್ ದುಡಿದರೂ 1.6 ಗಿಗಾಹರ್ಟ್ಸ್ ಉಳಿಸಿಕೊಳ್ಳುತ್ತೇನೆ ಎನ್ನುವುದು ಅದರ ಬೇಸ್. ಶಾಖ, ಕರೆಂಟು ಎರಡೂ ಅನುಕೂಲವಾಗಿದ್ದರೆ ಸ್ವಲ್ಪ ಹೊತ್ತು 3.4ರ ತನಕ ಏರುತ್ತೇನೆ ಎನ್ನುವುದು ಟರ್ಬೊ. ಲ್ಯಾಪ್‌ಟಾಪ್ ಮಾಡುವವರು ಬೇಕಾದರೆ 25 ವ್ಯಾಟ್ ಲೆಕ್ಕಕ್ಕೆ ಹೊಂದಿಸಿಕೊಳ್ಳಬಹುದು. ಆಗ ಬೇಸ್ 1.8 ಆಗುತ್ತದೆ. ಒಂದೇ ಪರದೆಯಲ್ಲಿ 1.60 ಮತ್ತು 1.80 ಎರಡೂ ಕಾಣಲು ಇದೇ ಕಾರಣ. ಅದರಲ್ಲಿ ತಪ್ಪೇನೂ ಇಲ್ಲ.

ತಪ್ಪು ಇದ್ದದ್ದು 0.79ರಲ್ಲಿ. ಪ್ರೊಸೆಸರ್‌ನ ಮೂಲ ತಾಳ 100 ಮೆಗಾಹರ್ಟ್ಸ್. ಅದನ್ನು ಇಷ್ಟರಿಂದ ಗುಣಿಸು ಎಂದು ಒಂದು ಸಂಖ್ಯೆ ಇರುತ್ತದೆ. ಈ ಲ್ಯಾಪ್‌ಟಾಪ್‌ನಲ್ಲಿ ಅದು ಇಳಿಯುವುದು 8ರ ತನಕ. ನೂರನ್ನು ಎಂಟರಿಂದ ಗುಣಿಸಿದರೆ ಎಂಟುನೂರು ಮೆಗಾಹರ್ಟ್ಸ್, ಅಂದರೆ 0.8 ಗಿಗಾಹರ್ಟ್ಸ್. ತಾಳ ನೂರಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರುವುದರಿಂದ ಪರದೆಯ ಮೇಲೆ 0.79 ಅಂತ ಬರುತ್ತದೆ. ಅಂದರೆ ಈ ಪ್ರೊಸೆಸರ್ ಸುಸ್ತಾಗಿ ಇಲ್ಲಿಗೆ ಜಾರಿದ್ದಲ್ಲ. ಸುಸ್ತಾದದ್ದು 1.4, 1.1, 1.7 ಎಂದು ಏರಿಳಿಯುತ್ತದೆ. ಇದು ತಳ ಮುಟ್ಟಿ ಅಲ್ಲೇ ಕದಲದೆ ಕೂತಿತ್ತು. ಯಾರೋ ಕೂರಿಸಿದ ಹಾಗೆ.

ಇನ್ನು ಆ 43%. ರಿಪೇರಿ ಅಂಗಡಿಯವರು ಅಕ್ಕನಿಗೆ ಅದನ್ನೇ ತೋರಿಸಿ, "ಪ್ರೊಸೆಸರ್ ಅರ್ಧ ಕೂಡ ಬಳಕೆ ಆಗ್ತಿಲ್ಲ ಮೇಡಂ, ರ‍್ಯಾಮ್ ಸಾಲ್ತಿಲ್ಲ" ಎಂದಿದ್ದರಂತೆ. ಆ ಪರದೆ ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ವಿಂಡೋಸ್ 10ರ ಟಾಸ್ಕ್ ಮ್ಯಾನೇಜರ್ ಈ ಶೇಕಡಾವನ್ನು ಬೇಸ್ ವೇಗಕ್ಕೆ ಹೋಲಿಸಿ ಲೆಕ್ಕ ಹಾಕುತ್ತದೆ. 0.79ನ್ನು 1.80ರಿಂದ ಭಾಗಿಸಿ ನೋಡಿ. 0.44 ಬರುತ್ತದೆ. ಪ್ರೊಸೆಸರ್ ಒಂದು ಕ್ಷಣವೂ ಪುರುಸೊತ್ತಿಲ್ಲದೆ ದುಡಿದರೂ ಆ ಪರದೆಯಲ್ಲಿ 44%ರ ಮೇಲೆ ಹೋಗಲು ಸಾಧ್ಯವೇ ಇರಲಿಲ್ಲ. ಫೋಟೋದಲ್ಲಿ ಗ್ರಾಫ್ ಸ್ಕೇಲಿಟ್ಟು ಗೆರೆ ಎಳೆದ ಹಾಗೆ 43ರಲ್ಲಿ ಚಪ್ಪಟೆಯಾಗಿತ್ತು. ಅರ್ಧ ಖಾಲಿ ಇದೆ ಎಂದುಕೊಂಡದ್ದು ನಿಜವಾಗಿ ತುಂಬಿ ತುಳುಕುತ್ತಿತ್ತು.

ಇಷ್ಟು ಗೊತ್ತಾದ ಮೇಲೂ ನಾನು ಒಂದು ತಪ್ಪು ಮಾಡಿದೆ. ಮುಂದಿನ ಭಾನುವಾರ ಶಿವಮೊಗ್ಗದಿಂದ ಬಸ್ ಹತ್ತಿ ಹೋದವನು ಮೊದಲು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ. ನಾಲ್ಕು ವರ್ಷದ ಲ್ಯಾಪ್‌ಟಾಪ್, ಪೇಪರ್ ಧೂಳಿನ ಅಂಗಡಿ, ಬಿಸಿಯಾಗದೆ ಇನ್ನೇನು ಎಂದು ತೀರ್ಮಾನ ಮಾಡಿಬಿಟ್ಟಿದ್ದೆ. ಫ್ಯಾನಿನಲ್ಲಿ ಧೂಳು ಇತ್ತು, ತೆಗೆದೆ. ಥರ್ಮಲ್ ಪೇಸ್ಟ್ ಒಣಗಿತ್ತು, ಹೊಸದು ಹಚ್ಚಿದೆ. ಒಂದೂವರೆ ಗಂಟೆ ಹೋಯಿತು. ಆನ್ ಮಾಡಿದರೆ ಅದೇ 0.79.

ಮೊದಲೇ ಮಾಡಬೇಕಿದ್ದದ್ದನ್ನು ಆಮೇಲೆ ಮಾಡಿದೆ. ಎಚ್‌ಡಬ್ಲ್ಯೂಇನ್ಫೋ ಎನ್ನುವ ತಂತ್ರಾಂಶ ಹಾಕಿ ಶಾಖ ನೋಡಿದೆ. ಪಿಡಿಎಫ್ ಆಗುತ್ತಿರುವಾಗ 46 ಡಿಗ್ರಿ. ಈ ಪ್ರೊಸೆಸರ್ ಬಿಸಿಯೆಂದು ವೇಗ ಇಳಿಸುವುದು 100ರ ಹತ್ತಿರ ಹೋದಾಗ. 46ರಲ್ಲಿ ಬಿಸಿ ಎನ್ನುವ ಮಾತೇ ಇಲ್ಲ.

ಅಲ್ಲಿಂದ ನಾನು ಪ್ರಶ್ನೆಯನ್ನೇ ಬದಲಿಸಿದೆ. ಪ್ರೊಸೆಸರ್‌ಗೆ ಏನಾಗಿದೆ ಎಂದು ಕೇಳುವುದು ಬಿಟ್ಟು, ನಿಧಾನವಾಗು ಎಂದು ಅದಕ್ಕೆ ಹೇಳುತ್ತಿರುವವರು ಯಾರು ಎಂದು ಹುಡುಕಿದೆ.

ಹಾಗೆ ಹೇಳಬಲ್ಲವರು ಕೆಲವರೇ. ಒಂದು, ವಿಂಡೋಸ್. ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟ ಎಂದು ಒಂದು ಸಾಲಿದೆ. ಅದನ್ನು ಯಾರಾದರೂ ಇಳಿಸಿಟ್ಟರೆ ವೇಗ ಬೀಳುತ್ತದೆ. 99%ಗೆ ಇಟ್ಟರೂ ಸಾಕು, ಟರ್ಬೊ ನಿಂತುಹೋಗುತ್ತದೆ. ಇಲ್ಲಿ 100% ಇತ್ತು. ಇನ್ನೊಂದು, ವ್ಯಾಟ್ ಮಿತಿ. ಅದನ್ನು ದಾಟಿದಾಗ ಪ್ರೊಸೆಸರ್ ತಾನೇ ತಗ್ಗುತ್ತದೆ. ಇಲ್ಲಿ ಪ್ರೊಸೆಸರ್ ಎಳೆಯುತ್ತಿದ್ದದ್ದು 3 ವ್ಯಾಟ್‌ಗೂ ಕಡಿಮೆ. ಮಿತಿ ದಾಟುವ ಪ್ರಶ್ನೆಯೇ ಇಲ್ಲ. ಶಾಖದ ವಿಷಯ ಆಗಲೇ ಆಯಿತು. ಕೆಲವೊಮ್ಮೆ ಫರ್ಮ್‌ವೇರ್, ಅಂದರೆ ಮದರ್‌ಬೋರ್ಡಿನೊಳಗೇ ಇರುವ ತಂತ್ರಾಂಶ, ಕೂಡ ತಪ್ಪು ಹೇಳುತ್ತದೆ. 2018ರ ಜುಲೈನಲ್ಲಿ ಮ್ಯಾಕ್‌ಬುಕ್ ಪ್ರೋನ ಐ9 ಮಾದರಿ ತನ್ನ 2.9 ಗಿಗಾಹರ್ಟ್ಸ್ ಬೇಸ್‌ಗಿಂತ ಕೆಳಗೆ ಬೀಳುತ್ತಿದೆ ಎಂದು ದೊಡ್ಡ ಸುದ್ದಿಯಾಯಿತು. ಆಪಲ್ ಅದೇ ತಿಂಗಳು ಕ್ಷಮೆ ಕೇಳಿ, ಶಾಖ ನಿಭಾಯಿಸುವ ಫರ್ಮ್‌ವೇರ್‌ನಲ್ಲಿ ಒಂದು ಡಿಜಿಟಲ್ ಕೀ ಬಿಟ್ಟುಹೋಗಿತ್ತು ಎಂದು ಹೇಳಿ ಅಪ್‌ಡೇಟ್ ಕೊಟ್ಟಿತು. ಅಲ್ಲಿಯೂ ಚಿಪ್ ಕೆಟ್ಟಿರಲಿಲ್ಲ.

ಎಚ್‌ಡಬ್ಲ್ಯೂಇನ್ಫೋದಲ್ಲಿ ವೇಗಕ್ಕೆ ತಡೆ ಹಾಕಿದವರ ಪಟ್ಟಿ ಇರುತ್ತದೆ. ಯಾರು ತಡೆದಿದ್ದಾರೋ ಅವರ ಮುಂದೆ "ಯೆಸ್". ಎಲ್ಲದರ ಮುಂದೆ "ನೋ" ಇತ್ತು. ಒಂದರ ಮುಂದೆ ಮಾತ್ರ ಯೆಸ್. ಅದರ ಹೆಸರು ಪ್ರೋಕ್‌ಹಾಟ್.

ಹೆಸರಿಗೆ ಇದು "ಪ್ರೊಸೆಸರ್ ಬಿಸಿಯಾಗಿದೆ" ಎಂಬ ಸುದ್ದಿ ಸಾಗಿಸುವ ಒಂದು ತಂತಿ. ಪ್ರೊಸೆಸರ್‌ನಿಂದ ಹೊರಗೆ ಹೋಗುತ್ತದೆ. ಆದರೆ ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಎರಡೂ ದಿಕ್ಕಿಗೆ ಬಳಸುತ್ತಾರೆ. ಹೊರಗಿನವರೂ ಇದೇ ತಂತಿಯಲ್ಲಿ ಒಳಗೆ ಸುದ್ದಿ ಕಳಿಸಬಹುದು. ಪ್ರೊಸೆಸರ್‌ಗೆ ಕರೆಂಟು ಕೊಡುವ ಭಾಗ ಕಾದರೆ ಅದು ಕೂಗುತ್ತದೆ. ಕೀಬೋರ್ಡು, ಫ್ಯಾನು, ಚಾರ್ಜಿಂಗ್ ನೋಡಿಕೊಳ್ಳುವ ಪುಟ್ಟ ಕಂಟ್ರೋಲರ್ ಚಿಪ್ಪಿಗೆ ಏನೋ ಸರಿ ಕಾಣದಿದ್ದರೆ ಅದೂ ಕೂಗುತ್ತದೆ. ಪ್ರೊಸೆಸರ್ ಕಾರಣ ಕೇಳುವುದಿಲ್ಲ. ಕೂಗು ಕೇಳಿದ ತಕ್ಷಣ ತಳಕ್ಕೆ ಇಳಿಯುತ್ತದೆ, ಕೂಗು ನಿಲ್ಲುವವರೆಗೆ ಅಲ್ಲೇ ಇರುತ್ತದೆ. ತನ್ನ ಶಾಖ 46 ಡಿಗ್ರಿ ಎಂದು ಅದಕ್ಕೂ ಗೊತ್ತು. ಆದರೂ ಇಳಿಯಲೇಬೇಕು.

ಇದನ್ನು ಖಾತ್ರಿ ಮಾಡಿಕೊಳ್ಳಲು ಥ್ರಾಟಲ್‌ಸ್ಟಾಪ್ ಎಂಬ ಪುಟ್ಟ ತಂತ್ರಾಂಶ ಇದೆ. ಅದರಲ್ಲಿ "ಬಿ.ಡಿ. ಪ್ರೋಕ್‌ಹಾಟ್" (ಎರಡೂ ದಿಕ್ಕಿನ ಪ್ರೋಕ್‌ಹಾಟ್) ಎಂಬಲ್ಲಿ ಟಿಕ್ ತೆಗೆದರೆ ಹೊರಗಿನ ಕೂಗು ಪ್ರೊಸೆಸರ್‌ನ ಕಿವಿಗೆ ಬೀಳುವುದಿಲ್ಲ. ತೆಗೆದೆ. 0.79 ಇದ್ದದ್ದು ಒಂದು ಸೆಕೆಂಡಿನಲ್ಲಿ 2.9 ಆಯಿತು. ಅಕ್ಕ ಖುಷಿಯಿಂದ, "ಆಯ್ತಲ್ಲ ಮಾರಾಯ, ಸರಿಯಾಯ್ತು!" ಎಂದರು.

"ಸರಿಯಾಗಿಲ್ಲ ಅಕ್ಕ. ಕಿವಿಗೆ ಹತ್ತಿ ಇಟ್ಟಿದ್ದೀನಿ ಅಷ್ಟೇ" ಎಂದು ಮತ್ತೆ ಟಿಕ್ ಹಾಕಿದೆ. ಅವರ ಮುಖ ಸಪ್ಪಗಾಯಿತು. ಆದರೆ ಹಾಗೇ ಬಿಡಲು ನನಗೆ ಮನಸ್ಸಾಗಲಿಲ್ಲ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಈ ಟಿಕ್ ತೆಗೆಯುವುದನ್ನೇ ಪರಿಹಾರ ಎಂದು ಎಷ್ಟೋ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಟಿಕ್ ತೆಗೆದರೂ ಪ್ರೊಸೆಸರ್ ತನ್ನ ಶಾಖವನ್ನು ತಾನು ನೋಡಿಕೊಳ್ಳುತ್ತದೆ, ನಿಜ. ಆದರೆ ಹೊರಗೆ ಕೂಗುತ್ತಿರುವವರ ಗತಿ? ಅಳುವ ಮಗುವಿನ ಬಾಯಿ ಮುಚ್ಚಿದರೆ ಹಸಿವು ಹೋಗುತ್ತದಾ?

ಹಾಗಾದರೆ ಕೂಗುತ್ತಿದ್ದವರು ಯಾರು? ಆಗ ನನ್ನ ಕಣ್ಣು ಪರದೆಯ ಮೂಲೆಗೆ ಹೋಯಿತು. ಬ್ಯಾಟರಿ ಚಿತ್ರದ ಮೇಲೆ 0%. ಪ್ಲಗ್ ಹಾಕಿದೆ, ಚಾರ್ಜ್ ಆಗುತ್ತಿಲ್ಲ.

"ಬ್ಯಾಟರಿ ಎಂತಾಗಿದೆ ಅಕ್ಕ?"

"ಅದು ಸತ್ತು ಎಷ್ಟೋ ಕಾಲ ಆಯ್ತು. ಮೃಗಶಿರ ಮಳೇಲಿ ಸಿಡಿಲು ಬಡೀತಲ್ಲ, ಆಗ ಚಾರ್ಜರೂ ಹೋಯ್ತು, ಬ್ಯಾಟರಿನೂ ಹೋಯ್ತು. ಚಾರ್ಜರ್ ಬೇರೆ ತಂದೆ. ಬ್ಯಾಟರಿ ದುಬಾರಿ, ಇರ್ಲಿ ಅಂತ ಬಿಟ್ಟೆ. ಯುಪಿಎಸ್ ಇದೆಯಲ್ಲ."

ಇಷ್ಟು ಹೊತ್ತು ನಾನು ಕೇಳದೇ ಇದ್ದದ್ದು ಇದೇ. ಅವರು ಹೇಳದೇ ಇದ್ದದ್ದೂ ಇದೇ. ಅವರ ಪಾಲಿಗೆ ಬ್ಯಾಟರಿ ಬೇರೆ ದೂರು, ನಿಧಾನ ಬೇರೆ ದೂರು. ಒಂದು ಮಳೆಗಾಲದ್ದು, ಇನ್ನೊಂದು ದೀಪಾವಳಿ ಆದ ಮೇಲಿನದ್ದು.

ಇನ್ನೊಂದು ಪ್ರಶ್ನೆ ಕೇಳಿದೆ. ಆನ್ ಮಾಡುವಾಗ ಏನಾದರೂ ಮೆಸೇಜ್ ಬರುತ್ತಿತ್ತಾ?

"ಹೌದು, ಕಪ್ಪು ಪರದೆ ಮೇಲೆ ಇಂಗ್ಲಿಷಲ್ಲಿ ನಾಲ್ಕು ಸಾಲು ಬರ್ತಿತ್ತು. ಒಂದು ಕೀ ಒತ್ತಿದ್ರೆ ಹೋಗ್ತಿತ್ತು. ದಿನಾ ಬೆಳಿಗ್ಗೆ ಕಿರಿಕಿರಿ. ಫಾರ್ಮ್ಯಾಟ್ ಮಾಡಿದಾಗ ಅದು ಬರದ ಹಾಗೆ ಮಾಡಿಕೊಟ್ರು."

ರೀಸ್ಟಾರ್ಟ್ ಮಾಡಿ ಬಯೋಸ್ ಒಳಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟಗಳಿಗೆ, ಹೋದೆ. ಅಡಾಪ್ಟರ್ (ಚಾರ್ಜರ್) ಎಚ್ಚರಿಕೆಗಳು ಎಂಬ ಆಯ್ಕೆ ಆಫ್ ಆಗಿತ್ತು. ಬ್ಯಾಟರಿ ಮಾಹಿತಿಯ ಪುಟದಲ್ಲಿ, ಯಾವ ಅಡಾಪ್ಟರ್ ಹಾಕಿದೆ ಎಂಬ ಸಾಲಿನ ಮುಂದೆ, "ಅನ್‌ನೋನ್" ಎಂದಿತ್ತು. ಆ ಎಚ್ಚರಿಕೆಯನ್ನು ಆನ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ನಾಲ್ಕು ಸಾಲು ಬಂದವು. ಅಡಾಪ್ಟರ್ ಎಷ್ಟು ವ್ಯಾಟ್‌ನದು ಎಂದು ಗುರುತಿಸಲು ಆಗುತ್ತಿಲ್ಲ, ಬ್ಯಾಟರಿ ಚಾರ್ಜ್ ಆಗದೇ ಇರಬಹುದು, ಯಂತ್ರ ನಿಧಾನವಾಗಬಹುದು. ನಾವು ವಾರಗಟ್ಟಲೆ ಹುಡುಕಿದ ಉತ್ತರ ದಿನಾ ಬೆಳಿಗ್ಗೆ ಅವರ ಕಣ್ಣೆದುರಿಗೇ ಬಂದು ಹೋಗುತ್ತಿತ್ತು.

ಚಾರ್ಜರ್ ಬಿಚ್ಚಿ ಪಿನ್ ನೋಡಿದೆ. ಇಂಥ ದುಂಡನೆಯ ಪಿನ್ನಿನಲ್ಲಿ ಮೂರು ಸಂಪರ್ಕ ಇರುತ್ತವೆ. ಹೊರಗಿನ ಸುತ್ತು, ಒಳಗಿನ ಸುತ್ತು, ಇವೆರಡರಲ್ಲಿ 19.5 ವೋಲ್ಟ್ ಬರುತ್ತದೆ. ನಟ್ಟನಡುವೆ ಸೂಜಿಯಂಥ ತೆಳು ಕಡ್ಡಿ. ಅದರಲ್ಲಿ ಕರೆಂಟು ಬರುವುದಿಲ್ಲ, ಪರಿಚಯ ಬರುತ್ತದೆ. ಈ ಲ್ಯಾಪ್‌ಟಾಪ್ ಮಾಡಿದ ಕಂಪನಿಯ ಮೂಲ ಚಾರ್ಜರ್ ಒಳಗೆ ಒಂದು ಪುಟ್ಟ ಮೆಮೊರಿ ಚಿಪ್ ಇರುತ್ತದೆ. "ನಾನು 65 ವ್ಯಾಟ್, 19.5 ವೋಲ್ಟ್, 3.34 ಆಂಪಿಯರ್" ಎಂದು ಅದು ಆ ಕಡ್ಡಿಯ ಮೂಲಕ ಲ್ಯಾಪ್‌ಟಾಪ್‌ಗೆ ಹೇಳುತ್ತದೆ. ಉತ್ತರ ಬಾರದಿದ್ದರೆ ಲ್ಯಾಪ್‌ಟಾಪ್‌ಗೆ ಬಂದವರು ಯಾರೆಂದು ಗೊತ್ತಾಗುವುದಿಲ್ಲ. 65 ಇರಬಹುದು, 30 ಇರಬಹುದು. ಬ್ಯಾಟರಿ ತುಂಬಿಸುತ್ತಾ ಪ್ರೊಸೆಸರನ್ನೂ ಪೂರ್ತಿ ಓಡಿಸಿದರೆ ಸಣ್ಣ ಚಾರ್ಜರ್ ಸುಟ್ಟುಹೋದೀತು. ಹಾಗಾಗಿ ಕಂಟ್ರೋಲರ್ ಎರಡು ಕೆಲಸ ಮಾಡುತ್ತದೆ. ಚಾರ್ಜಿಂಗ್ ನಿಲ್ಲಿಸುತ್ತದೆ. ಪ್ರೋಕ್‌ಹಾಟ್ ತಂತಿಯಲ್ಲಿ ಕೂಗುತ್ತದೆ. ಅಕ್ಕನ ಎರಡೂ ದೂರಿಗೆ ಬೇರು ಒಂದೇ.

ಅಕ್ಕ ಆರುನೂರೈವತ್ತು ರೂಪಾಯಿಗೆ ತಂದ ಚಾರ್ಜರ್‌ನಲ್ಲಿ ನಡುವಿನ ಕಡ್ಡಿ ಇತ್ತು. ಅದರ ಹಿಂದೆ ಮಾತಾಡುವವರು ಇರಲಿಲ್ಲ. ರಿಪೇರಿ ಅಂಗಡಿಯವರು ಮಲ್ಟಿಮೀಟರ್ ಇಟ್ಟು ನೋಡಿದ್ದರಂತೆ. 19.5 ವೋಲ್ಟ್ ಸರಿಯಾಗಿ ಬಂದಿತ್ತು. "ಚಾರ್ಜರ್ ಓಕೆ" ಎಂದಿದ್ದರು. ಮಲ್ಟಿಮೀಟರ್ ವೋಲ್ಟ್ ಹೇಳುತ್ತದೆ, ಚಿಪ್ ಮಾತಾಡುತ್ತಿದೆಯಾ ಎಂದು ಹೇಳುವುದಿಲ್ಲ.

ಆದರೂ ಚಾರ್ಜರ್ ಮೇಲೇ ತಪ್ಪು ಹೊರಿಸುವ ಮೊದಲು ನೋಡಬೇಕಾದದ್ದು ಇತ್ತು. ಲ್ಯಾಪ್‌ಟಾಪ್ ಕಡೆಯ ಸಾಕೆಟ್ ಹಾಳಾಗಿದ್ದರೂ ಹೀಗೇ ಆಗುತ್ತದೆ. ಸಿಡಿಲಿಗೆ ಮದರ್‌ಬೋರ್ಡಿನಲ್ಲಿ ಆ ಪರಿಚಯದ ದಾರಿಯೇ ಸುಟ್ಟಿದ್ದರೂ ಹೀಗೇ. ಹಾಗಿದ್ದರೆ ಹೊಸ ಚಾರ್ಜರ್ ತಂದೂ ದುಡ್ಡು ದಂಡ. ಪಕ್ಕದ ಬೀದಿಯಲ್ಲಿ ಕಾಲೇಜಿನ ಲೆಕ್ಚರರ್ ಒಬ್ಬರ ಬಳಿ ಅದೇ ಕಂಪನಿಯ ಲ್ಯಾಪ್‌ಟಾಪ್ ಇತ್ತು. ಅಕ್ಕ ಹೋಗಿ ಅವರ ಚಾರ್ಜರ್ ಕೇಳಿ ತಂದರು. ಚುಚ್ಚಿದೆವು. ಬಯೋಸ್‌ನಲ್ಲಿ 65 ವ್ಯಾಟ್ ಎಂದು ಬಂತು. ವಿಂಡೋಸ್ ತೆರೆದು ಅದೇ ಲಗ್ನಪತ್ರಿಕೆಯನ್ನು ಪಿಡಿಎಫ್ ಮಾಡಲು ಕೊಟ್ಟೆ. ಐದು ನಿಮಿಷ ತಗೊಳ್ಳುತ್ತಿದ್ದದ್ದು ಒಂದು ನಿಮಿಷ ಹತ್ತು ಸೆಕೆಂಡಿಗೆ ಮುಗಿಯಿತು.

ಕಾಲದ ಲೆಕ್ಕವೂ ಆಗ ಕೂಡಿಕೊಂಡಿತು. ಚಾರ್ಜರ್ ಬದಲಾದದ್ದು ಮೃಗಶಿರ ಮಳೆಯಲ್ಲಿ, ಜೂನ್‌ನಲ್ಲಿ. ಹಿಂದೆಯೇ ಆಷಾಢ ಬಂತು. ಆಷಾಢದಲ್ಲಿ ಮದುವೆ ಇಲ್ಲ, ಪತ್ರಿಕೆ ಇಲ್ಲ. ಆಮೇಲೂ ನುಡಿ ತಂತ್ರಾಂಶದಲ್ಲಿ ಕರಾರು ಪತ್ರ, ವಾರ್ಷಿಕ ವರದಿ ಟೈಪ್ ಮಾಡುವ ಕೆಲಸವೇ ಜಾಸ್ತಿ. ಬರೀ ಅಕ್ಷರ ಟೈಪ್ ಮಾಡಲು 0.79 ಸಾಕು. ಬಣ್ಣ, ಗಣಪತಿ ಚಿತ್ರ, ಅಂಚಿನ ಹೂಬಳ್ಳಿ ಎಲ್ಲಾ ತುಂಬಿದ ಕೋರೆಲ್‌ಡ್ರಾ ಫೈಲುಗಳು ಬಂದದ್ದು ತುಳಸಿ ಪೂಜೆ ಹತ್ತಿರವಾದಾಗ. ಲ್ಯಾಪ್‌ಟಾಪ್ ಐದು ತಿಂಗಳಿಂದ ನಿಧಾನವಿತ್ತು. ಅಕ್ಕನಿಗೆ ಗೊತ್ತಾಗಿದ್ದು ಸುಗ್ಗಿ ಬಂದಾಗ.

ಬ್ಯಾಟರಿ ಮೇಲೆ ಓಡಿಸಿ ನೋಡಿದ್ದರೆ ಈ ಕಥೆ ಎರಡೇ ನಿಮಿಷದಲ್ಲಿ ಮುಗಿಯುತ್ತಿತ್ತು. ಚಾರ್ಜರ್ ಕಿತ್ತ ತಕ್ಷಣ ಕೂಗು ನಿಂತು ವೇಗ ಏರುತ್ತಿತ್ತು. ಆದರೆ ಬ್ಯಾಟರಿಯೇ ಖಾಲಿ. ಅದನ್ನು ಖಾಲಿ ಮಾಡಿದ್ದೂ ಅದೇ ಚಾರ್ಜರ್.

ಇಲ್ಲಿ ಒಂದು ಮಾತು ಹೇಳಲೇಬೇಕು. ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ನಿಧಾನವಾಗಲಿ, ಅದು ಸರಿಯೇ. ಆದರೆ ಯಾಕೆ ನಿಧಾನವಾಗಿದ್ದೇನೆ ಎಂದು ಕೆಲಸ ಮಾಡುತ್ತಿರುವವರಿಗೆ ಗೊತ್ತಾಗುವ ಹಾಗೆ ಹೇಳಬೇಕು. ಆನ್ ಆಗುವಾಗ ಇಂಗ್ಲಿಷಿನಲ್ಲಿ ನಾಲ್ಕು ಸಾಲು ತೋರಿಸಿ, ಆ ನಾಲ್ಕು ಸಾಲನ್ನೂ ಆಫ್ ಮಾಡಲು ಒಂದು ಸ್ವಿಚ್ ಕೊಟ್ಟು, ಆಮೇಲೆ ಇಡೀ ದಿನ ಬಾಯಿ ಮುಚ್ಚಿಕೊಂಡು 0.79ರಲ್ಲಿ ಕೂರುವುದು ಸರಿಯಲ್ಲ. ಎಚ್ಚರಿಕೆ ಆಫ್ ಮಾಡಿದ ರಿಪೇರಿ ಅಂಗಡಿಯ ಹುಡುಗನನ್ನು ನಾನು ಪೂರ್ತಿ ದೂರುವುದಿಲ್ಲ. ಗಿರಾಕಿ ಕಿರಿಕಿರಿ ಎಂದರು, ಅವನು ತೆಗೆದ. ಓದಿ ತೆಗೆದಿದ್ದರೆ ಐದು ಸಾವಿರ ಉಳಿಯುತ್ತಿತ್ತು.

ಮೂಲ ಚಾರ್ಜರ್ ನಾಲ್ಕು ದಿನದಲ್ಲಿ ಬಂತು. ಬ್ಯಾಟರಿ ಚಾರ್ಜ್ ಆಯಿತು, ಆದರೆ ಮೊದಲಿನ ಹಾಗಲ್ಲ. ಲಿಥಿಯಂ ಬ್ಯಾಟರಿಯನ್ನು ತಿಂಗಳುಗಟ್ಟಲೆ ಸೊನ್ನೆಯಲ್ಲಿ ಬಿಟ್ಟರೆ ಅದರ ಶಕ್ತಿ ಕುಂದುತ್ತದೆ. ಜೂನ್‌ಗೆ ಮೊದಲು ಎರಡು ಗಂಟೆ ಬರುತ್ತಿದ್ದದ್ದು ಈಗ ನಲವತ್ತು ನಿಮಿಷ. ಈ ಇಡೀ ಪ್ರಕರಣದಲ್ಲಿ ವಾಪಸ್ ಬಾರದೆ ಹೋದದ್ದು ಇದೊಂದು. ನನಗೆ ಬೇಜಾರಾದದ್ದೂ ಇದಕ್ಕೇ.

ಡಿಸೆಂಬರಿನಲ್ಲಿ ಅಕ್ಕ ಮತ್ತೆ ಒಂದು ಫೋಟೋ ಕಳಿಸಿದರು. ವಾರ್ಡಿನ ಮತದಾರರ ಪಟ್ಟಿಯಷ್ಟು ದಪ್ಪದ ಒಂದು ಸ್ಮರಣ ಸಂಚಿಕೆ ಪಿಡಿಎಫ್ ಆಗುತ್ತಿತ್ತು. ಮೊದಲು 3.1 ಇದ್ದದ್ದು ಅರ್ಧ ನಿಮಿಷ ಆದ ಮೇಲೆ 2.4ಕ್ಕೆ ಇಳಿಯಿತು, ಮತ್ತೆ ಹಳೇ ಕಾಯಿಲೆ ಬಂತಾ ಎಂದು ಗಾಬರಿಯಾಗಿದ್ದರು. ಎಚ್‌ಡಬ್ಲ್ಯೂಇನ್ಫೋ ತೆರೆದು ಯಾರ ಮುಂದೆ ಯೆಸ್ ಇದೆ ನೋಡಿ ಎಂದೆ. ಹುಡುಕಿ ಹೇಳಿದರು. ಈ ಸಲ ಯೆಸ್ ಇದ್ದದ್ದು ವ್ಯಾಟ್ ಮಿತಿಯ ಮುಂದೆ. ಪ್ರೊಸೆಸರ್ ಸ್ವಲ್ಪ ಹೊತ್ತು ಮಿತಿ ಮೀರಿ ಓಡುತ್ತದೆ, ಸಾಮಾನ್ಯವಾಗಿ 28 ಸೆಕೆಂಡಿನ ಲೆಕ್ಕ. ಆಮೇಲೆ ತನ್ನ ವ್ಯಾಟ್‌ಗೆ ಇಳಿದು ಒಂದೇ ಹದದಲ್ಲಿ ಸಾಗುತ್ತದೆ. 2.4 ಎಂದರೂ ಅದರ 1.8ರ ಬೇಸ್‌ಗಿಂತ ಮೇಲೆಯೇ.

"ಹಾಗಾದ್ರೆ ಇದು ಕಾಯಿಲೆ ಅಲ್ವಾ?"

"ಅಲ್ಲ ಅಕ್ಕ. ಇದು ಅದರ ನಡಿಗೆ."

ಆ ಆರುನೂರೈವತ್ತರ ಚಾರ್ಜರನ್ನು ಅವರು ಎಸೆದಿಲ್ಲ. ಅದರ ಮೇಲೆ ಬಿಳಿ ಟೇಪ್ ಅಂಟಿಸಿ, ಕೆಂಪು ಸ್ಕೆಚ್ ಪೆನ್ನಿನಲ್ಲಿ "ಇದು ಮಾತಾಡುವುದಿಲ್ಲ" ಎಂದು ಬರೆದು ಕಪಾಟಿನಲ್ಲಿಟ್ಟಿದ್ದಾರೆ.